ರೋಮಿನಿಂದ ಪಾಂಪೇಯಿಗೆ ಒಂದು ದಿನದ ಗೈಡೆಡ್ ಟೂರ್: ಮಂಡಿನೋವಿನ ಅತ್ತೆಯವರನ್ನು ಕರೆದುಕೊಂಡು ಹೋಗಬಹುದಾ?

ಮೂರ್ನಾಡಿನವಳು

ಎಲ್ಲರಿಗೂ ನಮಸ್ಕಾರ. ಮೆಣಸು ಕೊಯ್ಲು ಮುಗಿಸಿ, ಮಳೆ ಹಿಡಿಯುವ ಮುಂಚೆ, ಮೇ ತಿಂಗಳಲ್ಲಿ ಇಟಲಿಗೆ ಹೊರಟಿದ್ದೇವೆ. ನಾನು, ಯಜಮಾನರು, ಈಗಷ್ಟೇ ಹತ್ತನೇ ಕ್ಲಾಸ್ ಮುಗಿಸಿದ ಮಗ, ಮತ್ತೆ ನಮ್ಮತ್ತೆ. ವೀಸಾ ಬಂದಿದೆ, ವಿಮಾನದ ಟಿಕೆಟ್ ಆಗಿದೆ, ತೋಟ ನೋಡಿಕೊಳ್ಳೋಕೆ ಭಾವನವರು ಒಪ್ಪಿದ್ದಾರೆ. ಉಳಿದಿರುವ ತಲೆನೋವು ಅಂದರೆ ಪಾಂಪೇಯಿ.

ಅತ್ತೆ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿ ರಿಟೈರ್ ಆದವರು. ವ್ಯಾಟಿಕನ್ ಬಿಟ್ಟರೂ ಪರವಾಗಿಲ್ಲ, ಬೂದಿಯಲ್ಲಿ ಮುಚ್ಚಿಹೋದ ಆ ಊರನ್ನು ನೋಡಲೇಬೇಕು ಅಂತ ಹಟ ಹಿಡಿದಿದ್ದಾರೆ. ಆದರೆ ಅವರಿಗೆ ಮಂಡಿನೋವು. ಸಮತಟ್ಟಾದ ಜಾಗದಲ್ಲಿ ನಿಧಾನಕ್ಕೆ ನಡೆಯುತ್ತಾರೆ, ಮೆಟ್ಟಿಲು ಅಂದರೆ ಕಷ್ಟ. ನಾವು ಉಳಿಯೋದು ರೋಮ್‌ನಲ್ಲಿ. ಅಲ್ಲಿಂದ ಬೆಳಿಗ್ಗೆ ಏಳಕ್ಕೆ ಎಸಿ ಬಸ್ಸಿನಲ್ಲಿ ಹತ್ತಿಸಿಕೊಂಡು, ಪಾಂಪೇಯಿ ತೋರಿಸಿ, ಊಟ ಹಾಕಿಸಿ, ವೆಸುವಿಯಸ್ ಜ್ವಾಲಾಮುಖಿ ಬೆಟ್ಟಕ್ಕೂ ಕರೆದುಕೊಂಡು ಹೋಗಿ ರಾತ್ರಿ ವಾಪಸ್ ಬಿಡುವ ಟೂರ್‌ಗಳು ಬೇಕಾದಷ್ಟಿವೆ. ಒಬ್ಬರಿಗೆ ನೂರು ಯೂರೋ ಮೇಲೆ ಹೇಳುತ್ತಾರೆ. ನಾಲ್ಕು ಜನಕ್ಕೆ ಲೆಕ್ಕ ಹಾಕಿದ ಮೇಲೆ ನಮ್ಮ ಯಜಮಾನರು ಮಾತೇ ಆಡಿಲ್ಲ, ಮೆಣಸಿನ ರೇಟ್ ಬಿದ್ದ ದಿನ ಕೂರುವ ಹಾಗೆ ಕೂತಿದ್ದಾರೆ.

ಬಸ್ ಟೂರ್‌ಗೆ ಅಷ್ಟು ದುಡ್ಡು ಕೊಡಬಹುದಾ, ಇಲ್ಲಾ ನಾವೇ ರೈಲಿನಲ್ಲಿ ಹೋದರೆ ಆಗುತ್ತಾ? ಗೈಡ್ ಇಲ್ಲದೆ ನೋಡಿದರೆ ಏನಾದರೂ ಅರ್ಥ ಆಗುತ್ತಾ? ಇನ್ನೊಬ್ಬರು, ಅಷ್ಟು ದೂರ ಯಾಕೆ, ರೋಮ್ ಪಕ್ಕದಲ್ಲೇ ಒಸ್ಟಿಯಾ ಆಂಟಿಕಾ ಅನ್ನುವ ಹಳೇ ಹಾಳು ಊರಿದೆ, ಎಲ್ಲಾ ಒಂದೇ ಥರ ಅಂದರು. ನಿಜಾನಾ? ಹೋಗಿ ಬಂದವರು ದಯವಿಟ್ಟು ಹೇಳಿ. ಗೂಗಲ್ ನೋಡಿ ನೋಡಿ ಸಾಕಾಗಿದೆ.

ಸಿದ್ದಾಪುರದ ತೋಟದಿಂದ

ಬಸ್ ಬೇಡಮ್ಮ. ನೇರವಾಗಿ ಹೇಳುತ್ತಿದ್ದೇನೆ.

ರೋಮಿನಿಂದ ಪಾಂಪೇಯಿಗೆ ರಸ್ತೆಯಲ್ಲಿ ಹತ್ತಿರ ಹತ್ತಿರ 240 ಕಿಲೋಮೀಟರ್. ಹೋಗೋಕೆ ಮೂರು ಗಂಟೆ, ಬರೋಕೆ ಮೂರು ಗಂಟೆ, ಅದರ ಮೇಲೆ ಬೆಳಿಗ್ಗೆ ಹೋಟೆಲ್ ಹೋಟೆಲ್ ಸುತ್ತಿ ಜನ ತುಂಬಿಸಿಕೊಳ್ಳುವ ಹೊತ್ತು ಬೇರೆ. ನಾವು ಹೋದ ಟೂರ್‌ನಲ್ಲಿ ದಾರಿಯಲ್ಲಿ ಹೈವೇ ಹೋಟೆಲ್ ಹತ್ತಿರ ನಿಲ್ಲಿಸಿದರು, ಆಮೇಲೆ ಹವಳ ಮತ್ತು ಚಿಪ್ಪಿನಲ್ಲಿ ಕೆತ್ತಿದ ಒಡವೆ ಮಾಡುವ ‘ಕಾರ್ಖಾನೆ’ ಅಂತ ಒಂದು ಅಂಗಡಿಗೆ ಇಳಿಸಿದರು. ಆ ಕಡೆ ಟೊರೆ ಡೆಲ್ ಗ್ರೆಕೊ ಅನ್ನುವ ಊರು ಹವಳದ ಕೆಲಸಕ್ಕೆ ನಿಜವಾಗಿಯೂ ಹೆಸರುವಾಸಿ, ಅದರಲ್ಲಿ ಸುಳ್ಳಿಲ್ಲ. ಆದರೆ ನಾನು ದುಡ್ಡು ಕೊಟ್ಟಿದ್ದು ಒಡವೆ ಅಂಗಡಿ ನೋಡೋಕಾ? ಕೇಳಿದರೆ ಬಾತ್‌ರೂಮ್ ಸ್ಟಾಪ್ ಅಂದರು. ಆಮೇಲೆ ಎಲ್ಲರಿಗೂ ಒಂದೇ ಥರದ ಪೀಜ್ಜಾ ಊಟ. ಪಾಂಪೇಯಿ ಒಳಗೆ ಸಿಕ್ಕಿದ್ದು ಎರಡು ಗಂಟೆ. ಗೈಡ್ ಒಳ್ಳೆಯ ಮನುಷ್ಯನೇ, ಆದರೆ ಅವನ ಕೈಯಲ್ಲಿದ್ದ ಸಣ್ಣ ಬಾವುಟದ ಹಿಂದೆ ನಲವತ್ತು ಜನ ಓಡಬೇಕು. ಕಿವಿಗೆ ಹಾಕಿದ ಯಂತ್ರದಲ್ಲಿ ಅವನ ಮಾತು ಕೇಳುತ್ತಿರುತ್ತೆ, ಅವನು ತೋರಿಸುತ್ತಿರುವ ಗೋಡೆ ಮಾತ್ರ ಬೇರೆಯವರ ಬೆನ್ನ ಹಿಂದೆ ಇರುತ್ತೆ.

ಆ ಊರು ಎಷ್ಟು ದೊಡ್ಡದು ಗೊತ್ತಾ? ಕೋಟೆಗೋಡೆಯ ಒಳಗೆ ಸುಮಾರು 66 ಹೆಕ್ಟೇರ್, ನಮ್ಮ ಲೆಕ್ಕದಲ್ಲಿ 160 ಎಕರೆ ಮೇಲೆ. ಅದರಲ್ಲಿ ಮೂರನೇ ಒಂದು ಭಾಗ ಇನ್ನೂ ಅಗೆದೇ ಇಲ್ಲ, ಆದರೂ ಅಗೆದಿರುವುದೇ ಒಂದು ದಿನಕ್ಕೆ ಮುಗಿಯಲ್ಲ.

ನೀವು ರೈಲು ಹಿಡೀರಿ. ರೋಮ್‌ನಿಂದ ನೇಪಲ್ಸ್‌ಗೆ ಫಾಸ್ಟ್ ರೈಲಿನಲ್ಲಿ ಒಂದು ಗಂಟೆ ಹತ್ತು ನಿಮಿಷದ ಆಸುಪಾಸು. ಮುಂಚೆ ಬುಕ್ ಮಾಡಿದಷ್ಟೂ ಅಗ್ಗ. ನೇಪಲ್ಸ್‌ನಲ್ಲಿ ಅದೇ ಸ್ಟೇಷನ್ನಿನ ಕೆಳಗೆ ಗಾರಿಬಾಲ್ಡಿಯಿಂದ ಚಿರ್ಕುಮ್‌ವೆಸುವಿಯಾನಾ ಅನ್ನುವ ಲೋಕಲ್ ರೈಲು, ಸೊರೆಂಟೊ ಕಡೆಗೆ ಹೋಗೋದು. ‘ಪಾಂಪೇಯಿ ಸ್ಕಾವಿ’ ಸ್ಟೇಷನ್ನಲ್ಲಿ ಇಳಿದರೆ ಎದುರಿಗೇ ಗೇಟು. ಮುಕ್ಕಾಲು ಗಂಟೆಯೊಳಗೆ ತಲುಪುತ್ತೀರಿ. ವೆಸುವಿಯಸ್ ಆಸೆ ಅದೇ ದಿನಕ್ಕೆ ಬಿಡಿ, ಎರಡೂ ಸೇರಿಸಿದರೆ ಎರಡೂ ಅರ್ಧಂಬರ್ಧ.

ಕುಶಾಲನಗರದ ಅಕ್ಕ

ಸಿದ್ದಾಪುರದ ಅಣ್ಣ ಹೇಳಿದ್ದು ಗಂಡಸರು ಬ್ಯಾಗ್ ನೇತುಹಾಕಿಕೊಂಡು ಓಡಾಡೋಕೆ ಸರಿ. ಮಂಡಿನೋವಿನವರು ಜೊತೆಗಿದ್ದರೆ ಕತೆ ಬೇರೆ.

ನಾನು ನಮ್ಮಮ್ಮನನ್ನು ಕರೆದುಕೊಂಡು ಬಸ್ ಟೂರ್‌ನಲ್ಲೇ ಹೋಗಿದ್ದು. ನಮ್ಮದರಲ್ಲಿ ಅಂಗಡಿ ಇರಲಿಲ್ಲ, ವೆಸುವಿಯಸ್ ಇರಲಿಲ್ಲ, ಬರೀ ಪಾಂಪೇಯಿ. ಬಸ್ ಹತ್ತಿದರೆ ಇಳಿಯೋದು ಗೇಟ್ ಹತ್ತಿರ. ಅಮ್ಮ ದಾರಿಯಲ್ಲಿ ನಿದ್ದೆ ಮಾಡಿದರು. ಅಣ್ಣ ಹೇಳಿದ ಆ ಲೋಕಲ್ ರೈಲು ಇದೆಯಲ್ಲ, ಅದರಲ್ಲಿ ಸೀಟ್ ಸಿಗೋದು ಪುಣ್ಯ. ಮೇ ತಿಂಗಳು ಅಂದರೆ ಪ್ರವಾಸಿಗರು, ಸ್ಕೂಲ್ ಮಕ್ಕಳು, ಸೊರೆಂಟೊಗೆ ಸೂಟ್‌ಕೇಸ್ ಎಳೆದುಕೊಂಡು ಹೋಗುವವರು ಎಲ್ಲಾ ಅದರಲ್ಲೇ. ಜೇಬುಗಳ್ಳರ ಕಾಟ ಬೇರೆ. ಪ್ಲಾಟ್‌ಫಾರ್ಮ್‌ಗೆ ಇಳಿಯೋದು ಹತ್ತೋದು, ಅದರ ಜೊತೆ ಬೇಗ ಬೇಗ ಅನ್ನುವ ಗಡಿಬಿಡಿ. ವಯಸ್ಸಾದವರಿಗೆ ಸುಸ್ತು ಮಾಡಿಸೋದು ಊರು ನೋಡೋದಲ್ಲ, ಈ ಹತ್ತಿ ಇಳಿಯೋದು.

ಹಾಗಾಗಿ ಟೂರ್ ತಗೊಂಡರೂ ತಪ್ಪಿಲ್ಲ. ದುಡ್ಡು ಕೊಡುವ ಮುಂಚೆ ಸರಿಯಾಗಿ ಕೇಳಿ. ಪಾಂಪೇಯಿ ಒಳಗೆ ಎಷ್ಟು ಗಂಟೆ, ಎಷ್ಟು ಜನರ ಗುಂಪು, ಅಂಗಡಿಗೆ ನಿಲ್ಲಿಸುತ್ತೀರಾ, ಪ್ರವೇಶದ ಟಿಕೆಟ್ ಸೇರಿದೆಯಾ, ಯಾವ ಗೇಟಿನಿಂದ ಒಳಗೆ ಹೋಗ್ತೀರಾ. ಕೊನೆಯದು ನಿಮಗೆ ಬಹಳ ಮುಖ್ಯ. ಜಾಸ್ತಿ ಗುಂಪುಗಳು ಒಳಗೆ ಹೋಗೋದು ಪೋರ್ಟಾ ಮರೀನಾ ಗೇಟಿನಿಂದ, ಅಲ್ಲಿ ಶುರುವಿನಲ್ಲೇ ಏರು, ಕಲ್ಲುಗಳೂ ಜಾರುತ್ತವೆ. ಇನ್ನೊಂದು ತುದಿಯಲ್ಲಿ ಆಂಫಿಥಿಯೇಟರ್ (ದುಂಡನೆಯ ಬಯಲು ರಂಗಮಂದಿರ) ಚೌಕದ ಗೇಟಿದೆ. ಗಾಲಿಕುರ್ಚಿಯವರಿಗೆ, ಮಗುವಿನ ಗಾಡಿ ತಳ್ಳುವವರಿಗೆ ಅಂತಲೇ ಸಮ ಮಾಡಿದ ದಾರಿ ಅಲ್ಲಿಂದ ಶುರುವಾಗುತ್ತೆ. ‘ಎಲ್ಲರಿಗೂ ಪಾಂಪೇಯಿ’ ಅನ್ನುವ ಅರ್ಥದ ಹೆಸರಿಟ್ಟಿದ್ದಾರೆ. ಸುಮಾರು ಮೂರೂವರೆ ಕಿಲೋಮೀಟರ್ ಇದೆ. ಪೂರ್ತಿ ನಡೆಯಲೇಬೇಕು ಅಂತೇನಿಲ್ಲ. ಅಮ್ಮ ಅದರಲ್ಲಿ ಸುಮಾರು ದೂರ ನಡೆದು, ಸಾಕು ಅನಿಸಿದಾಗ ಕಲ್ಲಿನ ಮೇಲೆ ಕೂತು ಮೋಸಂಬಿ ತಿಂದರು.

ಆ ದಾರಿ ಬಿಟ್ಟು ಬೇರೆ ಬೀದಿಗಳು ದೊಡ್ಡ ದೊಡ್ಡ ಲಾವಾ ಕಲ್ಲಿನವು. ಎರಡು ಸಾವಿರ ವರ್ಷ ಹಿಂದಿನ ಗಾಡಿ ಚಕ್ರದ ಗೀರು ಅವುಗಳಲ್ಲಿ ಅರ್ಧ ಗೇಣು ಆಳ ಇಳಿದಿದೆ. ನೋಡೋಕೆ ಚೆಂದ, ಕಾಲಿಗೆ ಕಷ್ಟ. ಚಪ್ಪಲಿ ಬೇಡವೇ ಬೇಡ. ಅತ್ತೆಗೆ ಹಿಡಿತ ಇರುವ ಶೂ ಕೊಡಿಸಿ, ಒಂದು ಊರುಗೋಲು ತಗೊಳ್ಳಿ. ಟೋಪಿ ಕಡ್ಡಾಯ. ನಮ್ಮ ತೋಟದಲ್ಲಿ ಸಿಲ್ವರ್ ಓಕ್ ಕೆಳಗೆ ಬೆಳೆದ ನಮಗೆ ನೆರಳೇ ಇಲ್ಲದ ಊರು ಅಂದರೆ ಏನು ಅಂತ ಅಲ್ಲಿ ಗೊತ್ತಾಗುತ್ತೆ.

ಬೈಲಕುಪ್ಪೆ ರೋಡ್

ಹಂಪಿ ನೋಡಿದ್ದೀರಾ ಎಲ್ಲರೂ? ಮಡಿಕೇರಿ ಕೋಟೆ ಒಳಗೆ ಕಾಲಿಟ್ಟು ಎಷ್ಟು ವರ್ಷ ಆಯ್ತು? ನಾಲ್ಕುನಾಡು ಅರಮನೆಗೆ ಎಷ್ಟು ಜನ ಹೋಗಿದ್ದೀರಿ? ಮುರಿದ ಗೋಡೆ ನೋಡೋಕೆ ಲಕ್ಷಗಟ್ಟಲೆ ಖರ್ಚು ಮಾಡಿ ಇಟಲಿಗೆ! ಸುಮ್ನೆ ಕೇಳಿದೆ.

ಕುಶಾಲನಗರದ ಅಕ್ಕ

ಹಂಪಿಯೂ ನೋಡಿದ್ದೇವೆ, ನಾಲ್ಕುನಾಡು ಅರಮನೆಯೂ ನೋಡಿದ್ದೇವೆ. ಅವರ ದುಡ್ಡು, ಅವರ ಅತ್ತೆ. ಮುಂದಿನವರು ಹೇಳಿ.

ಹಳೇ ಗೋಡೆ

ನಾನು ಮಡಿಕೇರಿಯವನು. ಹಳೇ ಕಲ್ಲು ಕಂಡರೆ ಬಸ್ ನಿಲ್ಲಿಸಿ ಇಳಿಯುವ ಜಾತಿ, ಹೀಗಾಗಿ ಸ್ವಲ್ಪ ಉದ್ದ ಆಗುತ್ತೆ, ಕ್ಷಮಿಸಿ.

ಗೈಡ್ ಬೇಕಾ ಅಂತ ಕೇಳಿದಿರಿ. ಬೇಕೇ ಬೇಕು. ಪಾಂಪೇಯಿಯಲ್ಲಿ ಮನೆ ಮನೆಯ ಮುಂದೆ ಬೋರ್ಡ್ ಹಾಕಿ ಕತೆ ಬರೆದಿಲ್ಲ. ಗೊತ್ತಿಲ್ಲದೆ ಹೋದರೆ ಬೈಲಕುಪ್ಪೆ ರೋಡ್ ಅವರು ಹೇಳಿದ ಹಾಗೆ ಮುರಿದ ಗೋಡೆ, ಇನ್ನೊಂದು ಮುರಿದ ಗೋಡೆ, ಅಷ್ಟೇ. ಆದರೆ ಗೈಡ್ ಬೇಕು ಅಂದಮಾತ್ರಕ್ಕೆ ರೋಮಿನಿಂದಲೇ ಅವನ ಜೊತೆ ಬಸ್ಸಲ್ಲಿ ಕೂರಬೇಕಾಗಿಲ್ಲ. ಹೋಗಿ ಬರೋದು ಬೇರೆ, ಊರು ತೋರಿಸೋದು ಬೇರೆ. ಎರಡನ್ನೂ ಒಂದೇ ಕಟ್ಟಿನಲ್ಲಿ ಮಾರಿದಾಗ ಬೆಲೆ ಏರುತ್ತೆ, ಗೈಡ್ ಜೊತೆ ಸಿಗುವ ಹೊತ್ತು ಕಡಿಮೆ ಆಗುತ್ತೆ. ಗೇಟಿನ ಹತ್ತಿರವೇ ಎರಡು ಗಂಟೆಯ ಇಂಗ್ಲಿಷ್ ಗುಂಪುಗಳು ಹೊರಡುತ್ತಿರುತ್ತವೆ, ಪ್ರವೇಶದ ಟಿಕೆಟ್ ಬಿಟ್ಟು ತಲೆಗೆ ಇಪ್ಪತ್ತು ಯೂರೋ ಆಸುಪಾಸು. ನಾಲ್ಕು ಜನ ಇದ್ದೀರಿ, ಇನ್ನೊಂದು ಕುಟುಂಬ ಸೇರಿಸಿಕೊಂಡು ನಿಮಗೇ ಅಂತ ಒಬ್ಬರನ್ನು ಮಾಡಿಕೊಂಡರೆ ಇನ್ನೂ ಒಳ್ಳೆಯದು. ಆಗ ಅತ್ತೆಯವರ ಹೆಜ್ಜೆಗೆ ತಕ್ಕಂತೆ ನಡೆಸುತ್ತಾರೆ, ನಿಧಾನದ ದಾರಿ ಬೇಕು ಅಂತ ಮುಂಚೆಯೇ ಹೇಳಬಹುದು. ಲೈಸೆನ್ಸ್ ಇರುವ ಗೈಡ್ ಕೊರಳಲ್ಲಿ ಬಿಲ್ಲೆ ಇರುತ್ತೆ, ಅದನ್ನು ನೋಡಿ. ಸ್ಟೇಷನ್ನಿಂದ ಹೊರಗೆ ಬಂದ ಕೂಡಲೇ ‘ಟಿಕೆಟ್ ಕೌಂಟರ್ ಇಲ್ಲಿದೆ ಬನ್ನಿ’ ಅಂತ ಕರೆಯುವವರ ಕಡೆ ತಿರುಗಲೇಬೇಡಿ. ಅಸಲಿ ಗೇಟು ಮುಂದಿದೆ.

ಏನು ನೋಡಬೇಕು ಅಂದರೆ, ದೇವಸ್ಥಾನ, ಚೌಕ ಎಲ್ಲಾ ಗೈಡೇ ತೋರಿಸುತ್ತಾರೆ. ನನಗೆ ಹಿಡಿಸಿದ್ದು ಬೀದಿ. ಬೀದಿ ದಾಟೋಕೆ ಮಧ್ಯದಲ್ಲಿ ಎತ್ತರದ ಕಲ್ಲುಗಳನ್ನು ಇಟ್ಟಿದ್ದಾರೆ, ಕೆಳಗೆ ನೀರು, ಗಲೀಜು ಹರಿದರೂ ಕಾಲು ಒದ್ದೆಯಾಗಲ್ಲ. ಕಲ್ಲುಗಳ ನಡುವೆ ಗಾಡಿ ಚಕ್ರ ದಾಟೋಕೆ ಅಳತೆ ಮಾಡಿ ಜಾಗ ಬಿಟ್ಟಿದ್ದಾರೆ. ಮೂವತ್ತಕ್ಕೂ ಜಾಸ್ತಿ ಬೇಕರಿಗಳಿದ್ದವು. ಲಾವಾ ಕಲ್ಲಿನ ಬೀಸುಕಲ್ಲುಗಳು ಆಳೆತ್ತರ ನಿಂತಿವೆ, ಕತ್ತೆ ಕಟ್ಟಿ ತಿರುಗಿಸುತ್ತಿದ್ದರು. ಮೊಡೆಸ್ಟಸ್ ಎಂಬುವನದು ಅನ್ನುವ ಬೇಕರಿಯ ಒಲೆಯಲ್ಲಿ ಸುಟ್ಟು ಕರಿಯಾದ 81 ರೊಟ್ಟಿ ಹಾಗೇ ಸಿಕ್ಕಿವೆ.

ಊಟದ ಅಂಗಡಿಗಳನ್ನು ಬಿಡಬೇಡಿ. ಕಟ್ಟೆಯೊಳಗೆ ದೊಡ್ಡ ಗುಡಾಣ ಹೂತು, ಅದರಲ್ಲಿ ಬಿಸಿ ಬಿಸಿ ತಿಂಡಿ ಇಟ್ಟು ರಸ್ತೆಗೇ ಮಾರುತ್ತಿದ್ದರು. ಐದನೇ ವಿಭಾಗದಲ್ಲಿ ಇತ್ತೀಚೆಗೆ ಅಗೆದ ಒಂದು ಅಂಗಡಿಯನ್ನು 2021ರಲ್ಲಿ ಜನರಿಗೆ ತೆರೆದರು. ಕಟ್ಟೆಯ ಮೇಲೆ ಹುಂಜ, ಬಾತುಕೋಳಿ, ಸರಪಳಿ ಕಟ್ಟಿದ ನಾಯಿಯ ಬಣ್ಣದ ಚಿತ್ರಗಳಿವೆ. ಗುಡಾಣದ ತಳದಲ್ಲಿ ಬಾತು, ಮೇಕೆ, ಹಂದಿ, ಮೀನು, ಬಸವನಹುಳು ಎಲ್ಲದರ ಕುರುಹು ಸಿಕ್ಕಿದೆ. ಹಂದಿ ಅಂತ ಓದಿದಾಗ ನಮ್ಮ ಮನೆಯಲ್ಲಿ ಎಲ್ಲರಿಗೂ ಆ ಊರಿನ ಮೇಲೆ ಸಡನ್ನಾಗಿ ಪ್ರೀತಿ ಹುಟ್ಟಿತು.

ಅತ್ತೆಯವರು ಸಮಾಜದ ಮೇಷ್ಟ್ರು ಅಂದಿರಲ್ಲ, ಅವರಿಗೆ ಒಂದು ವಿಷಯ. ಪಾಠದಲ್ಲಿ ಊರು ಬೂದಿಯಲ್ಲಿ ಮುಳುಗಿದ್ದು ಕ್ರಿ.ಶ. 79ರ ಆಗಸ್ಟ್ 24 ಅಂತ ಇರುತ್ತಿತ್ತು. ಬೆಟ್ಟ ಉಗುಳುವುದನ್ನು ಕೊಲ್ಲಿಯ ಆಚೆ ದಡದಿಂದ ನೋಡಿದ ಕಿರಿಯ ಪ್ಲೀನಿ ಆಮೇಲೆ ಬರೆದ ಕಾಗದದಿಂದ ಬಂದ ತಾರೀಖು ಅದು, ಅವನಿಗೆ ಆಗ ಹದಿನೇಳು ವರ್ಷ. ಆದರೆ 2018ರಲ್ಲಿ ಒಂದು ಮನೆಯ ಗೋಡೆ ಮೇಲೆ ಇದ್ದಿಲಿನಲ್ಲಿ ಗೀಚಿದ ಬರಹ ಸಿಕ್ಕಿತು. ಅದರಲ್ಲಿರುವ ದಿನ ನಮ್ಮ ಕ್ಯಾಲೆಂಡರ್‌ನಲ್ಲಿ ಅಕ್ಟೋಬರ್ 17. ಇದ್ದಿಲಿನ ಗೀಚು ಜಾಸ್ತಿ ದಿನ ಉಳಿಯಲ್ಲ, ಹಾಗಾಗಿ ಊರು ಮುಳುಗಿದ್ದು ಅಕ್ಟೋಬರ್ ಕೊನೆಗೆ ಅಂತ ಈಗ ತುಂಬಾ ಜನ ಹೇಳುತ್ತಾರೆ. ವರ್ಷ ಬರೆದಿಲ್ಲ, ಅದಕ್ಕೇ ಜಗಳ ಇನ್ನೂ ಮುಗಿದಿಲ್ಲ. ನಮ್ಮ ತಲಕಾವೇರಿ ತೀರ್ಥೋದ್ಭವದ ದಿನವೇ ಯಾವನೋ ಕೂತು ಗೋಡೆ ಗೀಚಿದ್ದಾನೆ ಅಂತ ನನಗೆ ಖುಷಿ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಬಿಡಿ.

ಇನ್ನು ಮೆಣಸಿಗೆ ಬರೋಣ. ಮೆಣಸು ಬೆಳೆಯುವವರು ರೋಮ್‌ಗೆ ಹೋಗಿ ಇದನ್ನು ನೋಡದೆ ಬಂದರೆ ನನಗೆ ಸಿಟ್ಟು ಬರುತ್ತೆ. ಆ ಕಾಗದ ಬರೆದವನ ಸೋದರಮಾವ ಹಿರಿಯ ಪ್ಲೀನಿ, ಅಲ್ಲೇ ಹಡಗು ಪಡೆಯ ಮುಖ್ಯಸ್ಥ. ಕರಿಮೆಣಸು ಒಂದು ಪೌಂಡಿಗೆ ನಾಲ್ಕು ದಿನಾರಿ (ರೋಮನ್ನರ ಬೆಳ್ಳಿ ನಾಣ್ಯ) ಅಂತ ಅವನು ಬರೆದಿಟ್ಟಿದ್ದಾನೆ. ರೋಮನ್ ಪೌಂಡ್ ಅಂದರೆ 330 ಗ್ರಾಂಗೂ ಸ್ವಲ್ಪ ಕಡಿಮೆ. ಆ ಕಾಲದ ಕಾಲಾಳು ಸೈನಿಕನಿಗೆ ವರ್ಷಕ್ಕೆ 225 ದಿನಾರಿ ಸಂಬಳ. ಲೆಕ್ಕ ಹಾಕಿ ನೋಡಿ, ಕಾಲು ಕೇಜಿಗಿಂತ ಸ್ವಲ್ಪ ಜಾಸ್ತಿ ಮೆಣಸಿಗೆ ಆರು ದಿನದ ಕೂಲಿಗಿಂತ ಜಾಸ್ತಿ. ನೋಡೋಕೆ ಚೆಂದ ಇಲ್ಲ, ಸಿಹಿ ಇಲ್ಲ, ಬರೀ ಖಾರ, ಇದಕ್ಕಾಗಿ ಇಂಡಿಯಾ ತನಕ ಹೋಗಬೇಕಾ ಅಂತ ಗೊಣಗಿದ್ದಾನೆ. ಇಂಡಿಯಾ ಪ್ರತಿ ವರ್ಷ ನಮ್ಮ ಐದು ಕೋಟಿ ಸೆಸ್ಟರ್ಸ್ ನಾಣ್ಯ ನುಂಗುತ್ತೆ ಅಂತಲೂ ದೂರಿದ್ದಾನೆ. ಹೀಗೆ ಗೊಣಗಿದವನು ಸತ್ತಿದ್ದು ಇದೇ ವೆಸುವಿಯಸ್ ಸಿಡಿದಾಗ, ಜನರನ್ನು ಬಿಡಿಸಿ ತರೋಕೆ ಹಡಗು ತಗೊಂಡು ಹೋಗಿ.

ಮೆಣಸು ಹೋಗುತ್ತಿದ್ದ ದಾರಿ ಕೇಳಿ. ಹಡಗುಗಳು ಜುಲೈ ಹೊತ್ತಿಗೆ ಈಜಿಪ್ಟ್ ಬಿಟ್ಟು, ನಮ್ಮ ಕಡೆ ಜಿಗಣೆ ಎಬ್ಬಿಸುವ ಅದೇ ಮುಂಗಾರು ಗಾಳಿ ಹಿಡಿದು ಕೇರಳದ ಮುಜಿರಿಸ್ ಬಂದರಿಗೆ ಬರುತ್ತಿದ್ದವು, ಚಳಿಗಾಲದಲ್ಲಿ ಗಾಳಿ ತಿರುಗಿದ ಮೇಲೆ ವಾಪಸ್. ಅಲ್ಲಿಂದ ಕೆಂಪು ಸಮುದ್ರ, ಒಂಟೆ, ನೈಲ್ ನದಿ, ಅಲೆಕ್ಸಾಂಡ್ರಿಯಾ, ಕೊನೆಗೆ ನೇಪಲ್ಸ್ ಪಕ್ಕದ ಪುತಿಯೋಲಿ ಬಂದರು. ಕೆಂಪು ಸಮುದ್ರದ ಬೆರೆನಿಕೆ ಅನ್ನುವ ಹಾಳು ಬಂದರಿನ ದೇವಸ್ಥಾನದಲ್ಲಿ ನಮ್ಮ ದೇಶದ ಮಣ್ಣಿನ ಗುಡಾಣದೊಳಗೆ ಏಳೂವರೆ ಕೇಜಿ ಕರಿಮೆಣಸು ಹಾಗೇ ಸಿಕ್ಕಿದೆ. ರೋಮ್ ನಗರದಲ್ಲಿ ಡೊಮಿಷಿಯನ್ ಚಕ್ರವರ್ತಿ ಮೆಣಸಿಗೆ ಅಂತಲೇ ಗೋದಾಮು ಕಟ್ಟಿಸಿದ್ದ, ಹೊರಿಯಾ ಪಿಪೆರಟಾರಿಯಾ ಅಂತ. ಅದರ ಅವಶೇಷ ಹಳೇ ರೋಮಿನ ಚೌಕವಾದ ಫೋರಮ್‌ನಲ್ಲಿ ಮ್ಯಾಕ್ಸೆಂಟಿಯಸ್ ಬೆಸಿಲಿಕಾದ ಅಡಿಯಲ್ಲಿದೆ. ಕೊಲೊಸಿಯಂ ನೋಡೋಕೆ ಹೋದಾಗ ಅದೇ ಟಿಕೆಟ್‌ನಲ್ಲಿ ಫೋರಮ್ ಒಳಗೆ ಹೋಗ್ತೀರಿ, ಯಜಮಾನರನ್ನು ಅಲ್ಲಿ ನಿಲ್ಲಿಸಿ ಒಂದು ಫೋಟೋ ತೆಗೀರಿ. ಕ್ರಿ.ಶ. 408ರಲ್ಲಿ ರೋಮ್‌ಗೆ ಮುತ್ತಿಗೆ ಹಾಕಿದ ಗಾತ್ ಜನರ ದೊರೆ ಅಲಾರಿಕ್, ಬಿಟ್ಟು ಹೋಗೋಕೆ ಚಿನ್ನ ಬೆಳ್ಳಿ ಜೊತೆಗೆ ಮೂರು ಸಾವಿರ ಪೌಂಡ್ ಮೆಣಸನ್ನೂ ಕೇಳಿ ತಗೊಂಡ. ರೇಟ್ ಬಗ್ಗೆ ಯಜಮಾನರಿಗೆ ಸಮಾಧಾನ ಆಗಬಹುದು, ಇಲ್ಲಾ ಇನ್ನೂ ಬೇಜಾರಾಗಬಹುದು.

ಮೂರ್ನಾಡಿನವಳು

ಹಳೇ ಗೋಡೆ ಅವರೇ, ನಿಮ್ಮ ಮೆಸೇಜನ್ನು ಅತ್ತೆಗೆ ಜೋರಾಗಿ ಓದಿ ಹೇಳಿದೆ. ಅಕ್ಟೋಬರ್ ವಿಷಯಕ್ಕೆ ಅವರು ಒಪ್ಪಲಿಲ್ಲ, ಮೂವತ್ತು ವರ್ಷ ಆಗಸ್ಟ್ ಅಂತ ಪಾಠ ಮಾಡಿದ್ದೀನಿ, ಈಗ ಯಾರೋ ಇದ್ದಿಲಲ್ಲಿ ಗೀಚಿದ್ದಕ್ಕೆ ಬದಲಾಯಿಸಲಾ ಅಂದರು. ಯಜಮಾನರು ಮಾತ್ರ ಮೆಣಸಿನ ಗೋದಾಮು ಅಂದಕೂಡಲೇ ಪೇಪರ್ ಕೆಳಗಿಟ್ಟರು.

ಸರಿ, ವೆಸುವಿಯಸ್ ಬಿಟ್ಟೆವು ಅಂದುಕೊಳ್ಳಿ. ಮಗನಿಗೆ ಬೇಜಾರು. ಹಾಗಾದರೆ ಒಸ್ಟಿಯಾ ವಿಷಯ ಏನು? ಅದಕ್ಕೆ ಯಾರೂ ಉತ್ತರ ಕೊಡಲಿಲ್ಲ. ಮತ್ತೆ ಪಾಂಪೇಯಿಯಲ್ಲಿ ಸತ್ತವರ ಅಚ್ಚುಗಳು ಇವೆಯಂತಲ್ಲ, ಅವು ಹೆಣಗಳೇನಾ? ಮಗ ನೋಡಬಹುದಾ?

ಪೊನ್ನಂಪೇಟೆಯಿಂದ ಮಿಲಾನ್‌ಗೆ

ಒಸ್ಟಿಯಾ ಬಗ್ಗೆ ನಾನು ಹೇಳ್ತೀನಿ. ಇಲ್ಲೇ ಕೆಲಸ ಮಾಡೋದರಿಂದ ಊರಿಂದ ಬಂದವರನ್ನೆಲ್ಲಾ ಅಲ್ಲಿಗೆ ಕರೆದುಕೊಂಡು ಹೋಗೋದೇ ನನ್ನ ಕೆಲಸ ಆಗಿದೆ.

ಎರಡೂ ಒಂದೇ ಥರ ಅಂದವರು ಎರಡನ್ನೂ ನೋಡಿಲ್ಲ. ಪಾಂಪೇಯಿ 79ರಲ್ಲಿ ಒಂದೇ ಏಟಿಗೆ ನಿಂತುಹೋದ ಊರು, ಹಾಗಾಗಿ ಬಣ್ಣದ ಗೋಡೆ, ರೊಟ್ಟಿ, ಪಾತ್ರೆ ಎಲ್ಲಾ ಉಳಿಯಿತು. ಒಸ್ಟಿಯಾ ರೋಮಿನ ಬಂದರು. ಟೈಬರ್ ನದಿ ಸಮುದ್ರ ಸೇರುವ ಜಾಗದಲ್ಲಿತ್ತು, ನೂರಾರು ವರ್ಷ ಬಾಳಿತು, ಆಮೇಲೆ ವ್ಯಾಪಾರ ಹೋಯ್ತು, ಹೂಳು ತುಂಬಿತು, ಮಲೇರಿಯಾ ಬಂತು, ಜನ ಬಿಟ್ಟುಹೋದರು. ಅಲ್ಲಿ ನೀವು ನೋಡೋದು ಜಾಸ್ತಿ ಎರಡನೇ ಶತಮಾನದ ಇಟ್ಟಿಗೆ ಕಟ್ಟಡಗಳು. ಮಹಡಿ ಮೇಲೆ ಮಹಡಿ ಕಟ್ಟಿ ಬಾಡಿಗೆಗೆ ಕೊಡುತ್ತಿದ್ದ ಮನೆಗಳು, ಸಾಲಾಗಿ ಕೂರುವ ಸಾರ್ವಜನಿಕ ಕಕ್ಕಸು, ನಾಟಕಶಾಲೆ. ಅದರ ಹಿಂದಿನ ಚೌಕದಲ್ಲಿ ಹಡಗು ವ್ಯಾಪಾರಿಗಳ ಆಫೀಸುಗಳಿದ್ದವು. ಪ್ರತಿಯೊಂದರ ಮುಂದೆಯೂ ನೆಲದಲ್ಲಿ ಕಪ್ಪು ಬಿಳಿ ಕಲ್ಲಿನ ಚಿತ್ರ, ಹಡಗು, ದೀಪಸ್ತಂಭ, ಒಂದು ಕಡೆ ಆನೆ. ಆ ಆನೆ ಉತ್ತರ ಆಫ್ರಿಕಾದ ಸಬ್ರಾತಾ ಊರಿನವರದು. ದುಬಾರೆ ನೋಡಿ ಬೆಳೆದ ಮಕ್ಕಳಿಗೆ ಆ ಆನೆಯ ಕಾಲು ಸರಿಯಾಗಿ ಬಿಡಿಸಿಲ್ಲ ಅಂತ ತಕ್ಷಣ ಗೊತ್ತಾಗುತ್ತೆ.

ಅತ್ತೆಯವರ ಮಂಡಿಗೆ ಒಸ್ಟಿಯಾ ವಾಸಿ. ಪೈನ್ ಮರಗಳ ನೆರಳಿದೆ, ಜನ ಕಡಿಮೆ. ಪಿರಮಿಡೆ ಮೆಟ್ರೋ ಪಕ್ಕದ ಪೋರ್ಟಾ ಸ್ಯಾನ್ ಪಾವ್ಲೊ ಸ್ಟೇಷನ್ನಿಂದ ಅರ್ಧ ಗಂಟೆಯ ರೈಲು, ನಗರದ ಮಾಮೂಲಿ ಟಿಕೆಟ್ ಸಾಕು. ಸೋಮವಾರ ರಜೆ. ಗೈಡ್ ಇಲ್ಲದಿದ್ದರೂ ನಡೆಯುತ್ತೆ, ಮುಖ್ಯ ಬೀದಿ ಒಂದೇ ನೇರಕ್ಕಿದೆ. ಆದರೆ ಪಾಂಪೇಯಿ ಬದಲು ಒಸ್ಟಿಯಾ ಅಂತ ಅತ್ತೆಯವರಿಗೆ ಹೇಳಿ ಒಪ್ಪಿಸೋಕೆ ಹೋಗಬೇಡಿ. ಜೀವನ ಪೂರ್ತಿ ಪಾಠ ಮಾಡಿದ ಊರನ್ನು ಬಿಟ್ಟು ಬೇರೆ ಊರು ತೋರಿಸಿದರೆ ಯಾರಿಗೆ ಸಮಾಧಾನ ಆಗುತ್ತೆ?

ನನ್ನ ಕೇಳಿದರೆ, ರೋಮ್‌ನಿಂದ ಹೋಗಿ ಬರುವ ಯೋಚನೆಯನ್ನೇ ಬಿಡಿ. ನೇಪಲ್ಸ್‌ನಲ್ಲಿ ಒಂದು ರಾತ್ರಿ ಉಳೀರಿ. ನೇಪಲ್ಸ್ ಸ್ಟೇಷನ್ನಿಂದ ಪಾಂಪೇಯಿಗೆ ಕಾರು ಮಾಡಿಕೊಳ್ಳಿ. ನಾಲ್ಕು ಜನ ಇರೋದರಿಂದ ಬಸ್ ಟೂರ್‌ಗಿಂತ ಜಾಸ್ತಿ ಆಗಲಾರದು, ಮತ್ತೆ ಆಂಫಿಥಿಯೇಟರ್ ಗೇಟ್ ಹತ್ತಿರವೇ ಇಳಿಸು ಅಂತ ಹೇಳಬಹುದು. ಟಿಕೆಟ್ ಆನ್‌ಲೈನ್‌ನಲ್ಲಿ ಮುಂಚೆಯೇ ತಗೊಳ್ಳಿ. 2024ರ ನವೆಂಬರ್‌ನಿಂದ ದಿನಕ್ಕೆ 20,000 ಜನಕ್ಕೆ ಮಾತ್ರ ಪ್ರವೇಶ, ಟಿಕೆಟ್ ಮೇಲೆ ಹೆಸರು ಬರುತ್ತೆ, ಪಾಸ್‌ಪೋರ್ಟ್ ತೋರಿಸಬೇಕು. ತಿಂಗಳ ಮೊದಲ ಭಾನುವಾರ ಫ್ರೀ. ಫ್ರೀ ಅಂತ ಆ ದಿನ ಹೋಗಬೇಡಿ, ಜಾತ್ರೆ ಆಗಿರುತ್ತೆ. ಒಳಗೆ 30 ಸೆಂಟಿಮೀಟರ್‌ಗಿಂತ ದೊಡ್ಡ ಬ್ಯಾಗ್ ಬಿಡಲ್ಲ. ನೀರಿನ ಬಾಟಲಿ ಸಾಕು, ಬೀದಿಯ ನಲ್ಲಿಗಳಲ್ಲಿ ಕುಡಿಯುವ ನೀರು ಬರುತ್ತೆ.

ಮಾರನೇ ದಿನ ಬೆಳಿಗ್ಗೆ ಮಗನೂ ಯಜಮಾನರೂ ವೆಸುವಿಯಸ್ ಹತ್ತಲಿ. 1281 ಮೀಟರ್ ಬೆಟ್ಟ, ಸಾವಿರ ಮೀಟರ್ ತನಕ ಗಾಡಿ ಹೋಗುತ್ತೆ, ಉಳಿದಿದ್ದು ಜಲ್ಲಿ ದಾರಿ. ತಡಿಯಂಡಮೋಳ್ ಹತ್ತಿದ ಹುಡುಗನಿಗೆ ಅದು ಲೆಕ್ಕಕ್ಕೇ ಇಲ್ಲ. ಅದರ ಟಿಕೆಟ್ಟೂ ಆನ್‌ಲೈನ್‌ನಲ್ಲೇ ಮುಂಚೆ ತಗೋಬೇಕು, ಮೇಲೆ ಹೋಗಿ ಕೇಳಿದರೆ ಕೊಡಲ್ಲ. ನೀವೂ ಅತ್ತೆಯವರೂ ನೇಪಲ್ಸ್ ಪುರಾತತ್ವ ಮ್ಯೂಸಿಯಂಗೆ ಹೋಗಿ. ಪಾಂಪೇಯಿಯಲ್ಲಿ ಸಿಕ್ಕಿದ ಒಳ್ಳೊಳ್ಳೆ ಚಿತ್ರ, ಪಾತ್ರೆ, ಮೂರ್ತಿ ಎಲ್ಲಾ ಇರೋದು ಅಲ್ಲಿ. ಸೈಟಿನಲ್ಲಿ ಬರೀ ಗೋಡೆ ಉಳಿದಿರೋದಕ್ಕೆ ಇದೂ ಒಂದು ಕಾರಣ.

ಹಳೇ ಗೋಡೆ

ಮ್ಯೂಸಿಯಂ ಹೆಸರು ಬಂತಲ್ಲ, ಹೇಳೋದೇ ಮರೆತಿದ್ದೆ. ಅಲ್ಲಿ ನಮ್ಮ ದೇಶದಿಂದ ಹೋದ ಒಂದು ದಂತದ ಹೆಣ್ಣು ಮೂರ್ತಿ ಇದೆ. 1938ರಲ್ಲಿ ಪಾಂಪೇಯಿಯ ಒಂದು ಮನೆಯಲ್ಲಿ ಸಿಕ್ಕಿದ್ದು. ಒಂದು ಗೇಣಿಗಿಂತ ಸ್ವಲ್ಪ ಎತ್ತರ, ಮೈತುಂಬಾ ಒಡವೆ, ಎರಡೂ ಪಕ್ಕದಲ್ಲಿ ಪುಟ್ಟ ಸೇವಕಿಯರು. ಪಾಂಪೇಯಿ ಲಕ್ಷ್ಮಿ ಅಂತ ಕರೆಯುತ್ತಾರೆ, ಲಕ್ಷ್ಮಿ ಅಲ್ಲ ಯಕ್ಷಿ ಅನ್ನುವವರೂ ಇದ್ದಾರೆ. 79ಕ್ಕಿಂತ ಮುಂಚೆಯೇ ಅಲ್ಲಿಗೆ ಹೋಗಿ ಸೇರಿದ್ದಾಳೆ ಅಂತ ಹೇಳೋಕೆ ಬೇರೆ ಸಾಕ್ಷಿ ಬೇಕಾ? ಇಟ್ಟಿರೋದು ಮಾತ್ರ ‘ಗುಪ್ತ ಕೋಣೆ’ ಅನ್ನುವ ವಿಭಾಗದಲ್ಲಿ. ಸುತ್ತ ಇರುವ ರೋಮನ್ನರ ಚಿತ್ರಗಳು ಅತ್ತೆಯವರ ಜೊತೆ ನಿಂತು ನೋಡುವಂಥವಲ್ಲ. ಸೀದಾ ಮೂರ್ತಿ ಹತ್ತಿರ ಹೋಗಿ ಸೀದಾ ವಾಪಸ್ ಬನ್ನಿ, ಅಥವಾ ಅತ್ತೆ ಒಬ್ಬರನ್ನೇ ಕಳಿಸಿ ನೀವು ಹೊರಗೆ ಕೂತಿರಿ.

ಮಕ್ಕಂದೂರು ಕಡೆಯವನು

ಅಚ್ಚುಗಳ ಬಗ್ಗೆ ಕೇಳಿದಿರಿ, ಅದಕ್ಕೆ ನಾನು ಹೇಳುತ್ತೇನೆ. ಸತ್ತವರ ಮೇಲೆ ಬೂದಿ ಗಟ್ಟಿಯಾಯಿತು, ದೇಹ ಕರಗಿ ಹೋಗಿ ಒಳಗೆ ಟೊಳ್ಳು ಉಳಿಯಿತು. 1863ರಲ್ಲಿ ಫಿಯೊರೆಲ್ಲಿ ಎಂಬ ಅಧಿಕಾರಿ ಆ ಟೊಳ್ಳಿಗೆ ಪ್ಲಾಸ್ಟರ್ ಹೊಯ್ದು ಆಕಾರ ತೆಗೆಯುವ ಕ್ರಮ ಶುರು ಮಾಡಿದರು. ಹೊರಗೆ ಪ್ಲಾಸ್ಟರ್, ಒಳಗೆ ಮೂಳೆ ಇರುತ್ತೆ. ಓಡಿಹೋದವರ ತೋಟ ಅಂತ ಕರೆಯುವ ಜಾಗದಲ್ಲಿ ದೊಡ್ಡವರು ಮಕ್ಕಳು ಸೇರಿ 13 ಜನ ಸಾಲಾಗಿ ಮಲಗಿದ್ದಾರೆ. ಅದು ಆಂಫಿಥಿಯೇಟರ್ ಕಡೆಗೇ ಇದೆ, ನಿಮ್ಮ ದಾರಿಯಲ್ಲೇ ಬರುತ್ತೆ.

ಹತ್ತನೇ ಕ್ಲಾಸ್ ಹುಡುಗ ನೋಡಬಹುದು. ಆದರೆ 2018ರ ಆಗಸ್ಟ್‌ನಲ್ಲಿ ನಮ್ಮ ಕಡೆ ಗುಡ್ಡ ಜಾರಿದಾಗ ನಿಮ್ಮ ಮನೆಯವರು ಯಾರಾದರೂ ಸಿಕ್ಕಿಕೊಂಡಿದ್ದರೆ, ಹತ್ತಿರದವರನ್ನು ಕಳೆದುಕೊಂಡಿದ್ದರೆ, ಮುಂಚೆಯೇ ಹೇಳಿ ಕರೆದುಕೊಂಡು ಹೋಗಿ. ನನ್ನ ಹೆಂಡತಿ ಒಳಗೆ ಬರಲಿಲ್ಲ, ಗೇಟ್ ಹತ್ತಿರವೇ ನಿಂತಳು. ಗೈಡ್ ನಗಿಸೋಕೆ ಏನೋ ಹೇಳುತ್ತಿದ್ದ, ನಮಗೆ ನಗು ಬರಲಿಲ್ಲ. ಅವನ ತಪ್ಪಲ್ಲ, ದಿನಾ ಅದೇ ಹೇಳುವವನು. ಆದರೆ ಗುಂಪಿನಲ್ಲಿ ಹೋದರೆ ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತು ನಿಲ್ಲಬೇಕು ಅನ್ನೋದು ನಿಮ್ಮ ಕೈಯಲ್ಲಿರಲ್ಲ. ಇದೊಂದು ಕಾರಣಕ್ಕೆ ನಾನೂ ಸ್ವಂತ ಗೈಡ್ ಅನ್ನುವವರ ಕಡೆ.

ಅತ್ತೆಯವರಿಗೆ ನಿಜವಾಗಿಯೂ ಕಷ್ಟ ಆದರೆ ಹರ್ಕ್ಯುಲೇನಿಯಂ ಅಂತ ಇನ್ನೊಂದು ಊರಿದೆ, ನೇಪಲ್ಸ್‌ಗೆ ಇನ್ನೂ ಹತ್ತಿರ. ಸಣ್ಣದು, ಎರಡು ಗಂಟೆಯಲ್ಲಿ ಮುಗಿಯುತ್ತೆ. ಅಲ್ಲಿ ಬಿದ್ದಿದ್ದು ಸುಮಾರು 20 ಮೀಟರ್ ದಪ್ಪದ ಬಿಸಿ ಬೂದಿ, ಮರವೆಲ್ಲಾ ಇದ್ದಿಲಾಗಿ ಉಳಿದಿದೆ. ತೊಲೆ, ಬಾಗಿಲು, ಮಂಚ, ಮಹಡಿ ಎಲ್ಲಾ ಕಾಣುತ್ತೆ. ಸಮುದ್ರದ ದಡದ ದೋಣಿಮನೆಗಳಲ್ಲಿ ಸುಮಾರು 300 ಜನರ ಅಸ್ಥಿಪಂಜರ ಸಿಕ್ಕಿವೆ, ದೋಣಿಗೆ ಕಾಯುತ್ತಿದ್ದವರು.

ಸಿದ್ದಾಪುರದ ತೋಟದಿಂದ

ನೇಪಲ್ಸ್‌ನಲ್ಲಿ ಉಳಿಯೋದು ಒಳ್ಳೆ ಐಡಿಯಾ, ನಾನು ಒಪ್ಪಿದೆ. ಲೋಕಲ್ ರೈಲಿನ ಬಗ್ಗೆ ಅಕ್ಕ ಹೇಳಿದ್ದು ಜಾಸ್ತಿ ಆಯ್ತು. ಅದೇ ಹಳಿ ಮೇಲೆ ಸೀಸನ್ನಿನಲ್ಲಿ ಕಂಪಾನಿಯಾ ಎಕ್ಸ್‌ಪ್ರೆಸ್ ಅಂತ ಸೀಟ್ ಬುಕ್ ಮಾಡುವ ರೈಲೂ ಓಡುತ್ತೆ.

ಕುಶಾಲನಗರದ ಅಕ್ಕ

ಸೀಟ್ ಸಿಕ್ಕರೂ ಮೆಟ್ಟಿಲು ಮೆಟ್ಟಿಲೇ ಅಣ್ಣ. ಕಾರೇ ಸರಿ.

ಮೂರ್ನಾಡಿನವಳು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬಸ್ ಟೂರ್ ಕೈಬಿಟ್ಟೆವು. ನೇಪಲ್ಸ್‌ನಲ್ಲಿ ಒಂದು ರಾತ್ರಿ, ಕಾರು, ಆಂಫಿಥಿಯೇಟರ್ ಗೇಟು, ನಮ್ಮದೇ ಗೈಡ್. ಮಕ್ಕಂದೂರಿನವರೇ, ಯಜಮಾನರ ಅಕ್ಕನ ಮನೆ ಆ ವರ್ಷ ಹೋಯ್ತು, ಜನ ಉಳಿದರು. ಮಗನ ಜೊತೆ ಮೊದಲೇ ಮಾತಾಡ್ತೀನಿ.

ಇನ್ನೊಂದೇ ಪ್ರಶ್ನೆ. ನಾವು ನೇಪಲ್ಸ್‌ಗೆ ಹೋಗೋದು ಸೋಮವಾರ, ಅಂದರೆ ಮ್ಯೂಸಿಯಂ ಮಂಗಳವಾರ. ಪರವಾಗಿಲ್ಲ ತಾನೇ?

ಪೊನ್ನಂಪೇಟೆಯಿಂದ ಮಿಲಾನ್‌ಗೆ

ಮಂಗಳವಾರ ಆ ಮ್ಯೂಸಿಯಂ ರಜೆ. ಒಂದು ದಿನ ಮುಂದಕ್ಕೆ ಹಾಕಿ, ಮಂಗಳವಾರ ಪಾಂಪೇಯಿ, ಬುಧವಾರ ಮ್ಯೂಸಿಯಂ ಮಾಡಿಕೊಳ್ಳಿ. ರೂಮ್ ಬುಕ್ ಮಾಡುವ ಮುಂಚೆ ಕೇಳಿದ್ದು ಒಳ್ಳೆಯದಾಯ್ತು. ಲಿಫ್ಟ್ ಇದೆಯಾ ಅಂತಲೂ ಕೇಳಿ, ಅಲ್ಲಿನ ಹಳೇ ಕಟ್ಟಡಗಳಲ್ಲಿ ನಾಲ್ಕನೇ ಮಹಡಿಗೂ ಮೆಟ್ಟಿಲೇ ಇರುತ್ತೆ.